ಮಫಿಕಾನ ಬಾಗಿಲಿನ ಮಡಕೆ

ಮ್ಸಿಂಗಾ,
೧೪ ಜೂನ್ ೧೯೬೪

ಡರ್ಬನ್ನಿನ ಮಹಾವೀರ, ನನ್ನ ಮೊಮ್ಮಗ ಮ್ಪಿಕಾಯಿಸೆಗೆ,

ಆರೋಗ್ಯವಾಗಿದ್ದೀಯಾ? ಸಮುದ್ರದ ಗಾಳಿಗೆ ಕೆಮ್ಮು ಹೆಚ್ಚಿಲ್ಲವಷ್ಟೆ? ನಾವು ಚೆನ್ನಾಗಿದ್ದೇವೆ. ಚಳಿಗೆ ನಿನ್ನ ಅಜ್ಜಿಯ ಮೊಣಕಾಲು ಮಾತ್ರ ಹಟ ಹಿಡಿದಿದೆ. ಕೆಂಪು ಹಸು ಹೆಣ್ಣುಗರು ಹಾಕಿದೆ.

ನಿನ್ನ ಫೋಟೋ ಬಂತು. ಹೋಟೆಲಿನ ಮುಂದೆ ಪ್ರವಾಸಿಗರಿಗಾಗಿ ಜುಲು ಯೋಧನಾಗಿ ನಿಲ್ಲುವ ಕೆಲಸವಂತೆ. ಫೋಟೋದಲ್ಲಿ ಯೋಧನನ್ನು ಹುಡುಕಿದೆ, ಸಿಗಲಿಲ್ಲ. ಮೈಮೇಲೆ ಚಿರತೆ ಚುಕ್ಕೆಯ ಬಟ್ಟೆ. ಚಿರತೆ ರಾಜಮನೆತನದವರದು, ನೀನು ಯಾವ ಅರಮನೆಯಲ್ಲಿ ಹುಟ್ಟಿದೆಯಪ್ಪಾ? ತಲೆಯಲ್ಲಿ ಮದುವೆಯಾದ ಗಂಡಸಿನ ಬಳೆ, ಅದೂ ರಬ್ಬರಿನದು. ನಿನಗೆ ಹೆಣ್ಣು ಕೊಟ್ಟವರು ಯಾರು? ಗುರಾಣಿಯನ್ನಂತೂ ತಲೆಕೆಳಗಾಗಿ ಹಿಡಿದಿದ್ದೀಯ, ತುದಿಯ ರೋಮದ ಗೊಂಡೆ ನೆಲ ಗುಡಿಸುತ್ತಿದೆ. ಅಜ್ಜಿ ನೋಡಿ, "ನಮ್ಮನೆ ಪೊರಕೆ ಸವೆದಿತ್ತು, ಇವನನ್ನೇ ವಾಪಸ್ ಕಳಿಸೋಕೆ ಹೇಳ್ರೀ" ಅಂದಳು.

ನನ್ನ ಅಪ್ಪ ಇಸಾಂಡ್ಲ್ವಾನಾದಲ್ಲಿ ನಮ್ಮ ರಾಜನ ದಂಡಿನಲ್ಲಿದ್ದು ಇಂಗ್ಲಿಷರ ವಿರುದ್ಧ ಕಾದಾಡಿದವನು. ಒಬ್ಬ ಸಿಪಾಯಿಯನ್ನು ಕೊಂದ. ಪದ್ಧತಿಯಂತೆ ಆ ಸತ್ತವನ ಅಂಗಿಯನ್ನೇ ತೊಟ್ಟು ಬಂದು, ಶುದ್ಧಿಗಾಗಿ ಬೇರುಮದ್ದಿನ ಸ್ನಾನ ಮುಗಿಯುವ ತನಕ ಅಮ್ಮ ಎಷ್ಟು ಕರೆದರೂ ಮನೆಯೊಳಗೆ ಕಾಲಿಡಲಿಲ್ಲ. ಕೈಗೆ ರಕ್ತ ಅಂಟಿದ್ದರೆ ಮೊದಲು ಅದನ್ನು ಕಳೆದುಕೊಳ್ಳಬೇಕು ಎಂಬುದು ಅವನಿಗೆ ಗೊತ್ತಿತ್ತು. ನೀನು ಹಾಗೇ ಬಸ್ಸು ಹತ್ತಿ, ಈಗ ಕ್ಯಾಮೆರಾ ಮುಂದೆ ಹಲ್ಲು ಕಿರಿಯುತ್ತಿದ್ದೀಯ.

ಮರೆತಿದ್ದರೆ ನೆನಪಿಸುತ್ತೇನೆ. ನಿನ್ನ ಅತ್ತೆಯ ಮಗಳ ಮದುವೆಯ ದಿನ, ಕೋಲುಕಾಳಗದಲ್ಲಿ, ಮಫಿಕಾ ಕಾಲು ಜಾರಿ ಬಿದ್ದ. ನಿನ್ನ ಜೊತೆಯಲ್ಲೇ ದನ ಕಾದು ಬೆಳೆದವನು. ಬಿದ್ದವನ ತಲೆಗೆ ನೀನು ಬಾರಿಸಿದೆ. ಅದನ್ನೂ ನುಂಗಬಹುದಿತ್ತು, ಬಿಸಿರಕ್ತ. ಆದರೆ ಗೆದ್ದವನೇ ಸೋತವನನ್ನು ಹೊಳೆಗೆ ಕರೆದೊಯ್ದು ಗಾಯ ತೊಳೆಯಬೇಕಲ್ಲ? ಆಗಲೇ ತಾನೇ ಜಗಳ ಜಗಳವಾಗದೆ ಆಟವಾಗಿ ಮುಗಿಯುವುದು? "ರಕ್ತ ಬಂತೋ, ಕೋಲು ಕೆಳಗೆ, ನೀರು ಕೈಗೆ" ಎಂದು ನಿನಗೆ ಹೇಳಿಕೊಟ್ಟವನು ನಾನೇ. ಆ ಹುಡುಗ ಸಂಜೆಯವರೆಗೂ ಹೊಳೆಯ ಬಂಡೆಯ ಮೇಲೆ ಕೂತು ಕಾದ. ರಕ್ತ ಕಪ್ಪಗೆ ಒಣಗಿತು. ನಮ್ಮ ವೀರ ಡರ್ಬನ್ ಸೇರಿದ್ದ.

ತಿಂಗಳಾಯಿತು. ದಾರಿಯಲ್ಲಿ ಅವನ ಕಡೆಯ ಹುಡುಗರು, "ತಾತಾ, ನಿಮ್ಮ ಸಿಂಹಕ್ಕೆ ಡರ್ಬನ್‌ನಲ್ಲಿ ಬಿದ್ದಿರೋರು ಸಿಗ್ತಿದಾರಾ?" ಅಂತ ಕೇಳುತ್ತಾರೆ. ಕೋಲುಗಳನ್ನೂ ಕಡಿದಿಟ್ಟಿದ್ದಾರೆ. ಬರುವ ಶನಿವಾರ ಇನ್ನೊಂದು ಮದುವೆ. ನೀನಿಲ್ಲದಿದ್ದರೆ ನಿನ್ನ ತಮ್ಮ ಜಾಬುವನ್ನು ಕಣಕ್ಕೆ ಎಳೆಯುತ್ತಾರೆ, ಆಟಕ್ಕಲ್ಲ.

ನಮ್ಮ ಹಿರಿಯರು ನಿನ್ನ ಬೆನ್ನ ಹಿಂದೆ ಇರಲಿ. ಇತ್ತೀಚೆಗೆ ಅವರಿಗೆ ಕಾಣಿಸಿದ್ದೂ ನಿನ್ನ ಬೆನ್ನೇ, ಗುರುತು ಹಿಡಿಯುತ್ತಾರೆ.

ನಿನ್ನ ತಾತ,
ಎಫ್ರಾಯಿಮ್ ಮ್ಚುನು

ಮರೆತೆ, ಕಾಗದ ಒಯ್ಯುವ ಬಸ್ಸು ಹಾರ್ನ್ ಹೊಡೆಯುತ್ತಿದೆ: ನಿನ್ನೆ ನಿನ್ನ ಬದಲು ನಾನೇ ಮಡಕೆಯಲ್ಲಿ ಹೊಳೆಯ ನೀರು ಹೊತ್ತು ಮಫಿಕಾನ ಮನೆಗೆ ಹೋಗಿ ಮಂಡಿಯೂರಿದೆ. ಅವನು ತೋಳು ಹಿಡಿದು ಎಬ್ಬಿಸಿ, "ಏಳಿ ತಾತಾ, ನನ್ನ ಹೊಡ್ದಿದ್ದು ನೀವಲ್ಲ" ಅಂದ. ಆದರೆ ನೀರು ಚೆಲ್ಲಲಿಲ್ಲ. ಮಡಕೆಯನ್ನು ಬಾಗಿಲ ಪಕ್ಕದ ನೆರಳಿಗೆ ಸರಿಸಿ, ಮೇಲೆ ತಟ್ಟೆ ಮುಚ್ಚಿಟ್ಟ. ಶುಕ್ರವಾರದ ಬಸ್ಸಿಗೆ ಬಾ. ಗುರಾಣಿ ತರಬೇಡ.