ಆ ‘ಅನ್ಯರು’ ನಾನೇ

ನಾರಾಯಣಪೇಟೆ
೩ ಮಾರ್ಚ್ ೧೯೪೯

ಪೂಜ್ಯ ಯಜಮಾನರಿಗೆ ಸಂಗಮ್ಮನ ಶರಣು ಶರಣಾರ್ಥಿ.

ನಿಮ್ಮ ವಿದ್ಯಾಪೀಠದ ಜವಾನ ನರಸಿಂಹುಲು ನಿನ್ನೆ ಮಧ್ಯಾಹ್ನ ನಿಮ್ಮ ಪತ್ರ ತಂದುಕೊಟ್ಟ. ಗದ್ವಾಲದಿಂದ ಬಂದು ದಣಿದಿದ್ದ. ಊಟ ಹಾಕಿ, ಉತ್ತರ ನಾಳೆ ಒಯ್ಯಪ್ಪ ಎಂದು ಉಳಿಸಿಕೊಂಡೆ. ಅದರಲ್ಲಿ ನೀವು ಮುಖ್ಯವಾಗಿ ಕೇಳಿದ್ದು ಒಂದು ಮಾತು. ಯಾರಾದರೂ ವಿಚಾರಿಸಿದರೆ, ನನ್ನ ತಮ್ಮ ವೀರಯ್ಯ ಪೀಠಕ್ಕೆ ಒಪ್ಪಿಸಿದ ಪ್ರಬಂಧವನ್ನು ಕರ್ನೂಲಿನ ಯಾರೋ ಪಂಡಿತರಿಂದ ಬರೆಸಿಕೊಂಡನೆಂದು ನಾನು ಹೇಳಬೇಕು.

ಹೇಳುವುದಿಲ್ಲ. ಅದನ್ನು ಬರೆದವಳು ನಾನು. ನಿಮಗಿದು ಗೊತ್ತು. ಆದರೂ ಕಾಗದದ ಮೇಲೆ ಒಮ್ಮೆ ಇರಲಿ.

ಕಳೆದ ವರ್ಷ ನಿಜಾಮನ ರಜಾಕಾರರ ಗಲಾಟೆ ಹೆಚ್ಚಿದಾಗ ವೀರಯ್ಯ ಪೀಠದ ಓದು ಬಿಟ್ಟು, ತುಂಗಭದ್ರೆ ದಾಟಿ ಹೋರಾಟದ ಕ್ಯಾಂಪಿಗೆ ಹೋದ. ಪೊಲೀಸ್ ಕಾರ್ಯಾಚರಣೆ ಮುಗಿದು ಅವನು ತಿರುಗಿ ಬಂದಾಗ ಶಾಸ್ತ್ರಿ ಪದವಿಯ ಪ್ರಬಂಧ ಒಪ್ಪಿಸಲು ಒಂದೇ ತಿಂಗಳು ಉಳಿದಿತ್ತು. “ಅಕ್ಕಾ, ಒಂದಕ್ಷರಾನೂ ಆಗಿಲ್ಲ. ನೀ ಬರದು ಕೊಡ್ತೀಯೇನು?” ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ. ಮರುಕದಿಂದ ಬರೆದುಕೊಟ್ಟೆನೆಂದರೆ ಕೇಳುವವರಿಗೆ ಚೆನ್ನ. ಅದು ಸುಳ್ಳು. ಅವನು ಕೇಳಿದ್ದೇ ತಡ, ನನ್ನ ಕೈ ತುರಿಸಿತು. ಅಪ್ಪ ಕಲಿಸಿದ ವಚನ, ಸಂಸ್ಕೃತ ಎಲ್ಲ ಒಲೆಯ ಹೊಗೆಯಲ್ಲಿ ಮಸುಕಾಗುತ್ತಿತ್ತು. ನೀವು ಪಾಠಕ್ಕೆ ಹೋದ ಮೇಲೆ, ಅತ್ತೆಯವರು ಅಡ್ಡಾದ ಮೇಲೆ, ಪ್ರತಿ ಮಧ್ಯಾಹ್ನ ಕೂತು ಬರೆದೆ. ಇಪ್ಪತ್ತಾರು ದಿನ. ಮೊದಲಿಂದ ಕೊನೆಯವರೆಗೆ ನನ್ನದೇ ಆದ ಬರಹ. ಮದುವೆಯಾದ ಮೇಲೆ ಅಷ್ಟು ಸುಖದ ದಿನಗಳನ್ನು ನಾನು ಕಂಡಿರಲಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ನಡೆದದ್ದನ್ನು ವೀರಯ್ಯನೇ ಹೇಳಿದ. ಪಂಡಿತರೆಲ್ಲರ ಮುಂದೆ ನೀವು ಪ್ರಬಂಧವನ್ನು ಹೊಗಳಿ, ಒಂದು ವಾಕ್ಯ ಗಟ್ಟಿಯಾಗಿ ಓದಿದಿರಂತೆ: ‘ಹಾಸು ದೇವರದು, ಹೊಕ್ಕು ನಮ್ಮದು, ಲಾಳಿ ನಿಂತರೆ ಬಟ್ಟೆಯಿಲ್ಲ.’ ಓದಿ ಪ್ರಬಂಧ ಮುಚ್ಚಿಟ್ಟಿರಂತೆ. ಈ ಊರಿನ ಮಗ್ಗಗಳ ಸದ್ದಿನಲ್ಲಿ ಬೆಳೆದವಳು ನಾನು. ನಿಮಗೆ ಊಟ ಬಡಿಸುತ್ತ ಆ ಮಾತನ್ನು ಎಷ್ಟು ಸಲ ಆಡಿದ್ದೇನೋ. ಆಮೇಲೆ ನೀವು ಅವನಿಗೆ ಮೂರು ಪ್ರಶ್ನೆ ಕೇಳಿದಿರಿ. ಮೂರಕ್ಕೂ ಅವನು ತಲೆ ತಗ್ಗಿಸಿ ನಿಂತ. ಸಂಜೆಯೊಳಗೆ ಪೀಠದ ಬಾಗಿಲಿಗೆ ನೋಟೀಸು ಬಿತ್ತು: ಅನ್ಯರ ಬರಹವನ್ನು ತನ್ನದೆಂದು ಒಪ್ಪಿಸಿದ್ದಕ್ಕೆ ವೀರಯ್ಯನನ್ನು ಮೂರು ವರ್ಷ ಹೊರಗಿಡಲಾಗಿದೆ. ಕೆಳಗೆ ನಿಮ್ಮ ರುಜು.

ಶಿಕ್ಷೆ ಸರಿಯಾಗಿದೆ. ಹೆಂಡತಿಯ ತಮ್ಮನೆಂದು ನೀವು ಬಿಡಲಿಲ್ಲ; ಅದಕ್ಕೆ ತಲೆಬಾಗುತ್ತೇನೆ. ಮರುದಿನ ನಾನು ಅವನ ಜೊತೆ ತವರಿಗೆ ಹೊರಟಾಗ ನೀವೇನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹರಿಗೋಲಿನಲ್ಲಿ ಕೃಷ್ಣೆ ದಾಟುವಾಗ ಅವನು, “ನಾ ಕ್ಯಾಂಪಿನ್ಯಾಗ ದೇಶದ ಕೆಲ್ಸಾ ಮಾಡೀನಿ. ಭಾವನೋರ ಕಾಲು ಹಿಡದು ಮಾಫಿ ಕೇಳ್ತೀನಿ,” ಎಂದ. “ಕ್ಯಾಂಪಿಗೆ ಹೋಗಿದ್ದೂ ಖರೇ ಐತಿ, ಓದದೆ ಇದ್ದದ್ದೂ ಖರೇ ಐತಿ. ಕಾಲು ಹಿಡಿಯಾಕ ಹೋಗಬ್ಯಾಡ,” ಎಂದೆ. ಮಕ್ತಲ್ ದಾಟುವವರೆಗೆ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ಮನೆ ಮುಟ್ಟಿ ಅವ್ವನಿಗೆ ತಾನೇ ಎಲ್ಲ ಹೇಳಿದ. ಅವ್ವ ಒಂದು ದಿನ ಅವನಿಗೆ ಮುಖ ಕೊಡಲಿಲ್ಲ. ಮರುದಿನ ಜೋಳದ ರೊಟ್ಟಿ ಮುಂದಿಟ್ಟು, “ಮೂರು ವರ್ಷ ಅಂದ್ರ ಮೂರು ವರ್ಷ. ಕುಂತು ಓದು,” ಎಂದಳು. ಓದುತ್ತಿದ್ದಾನೆ. ನಾನು ಕಲಿಸುತ್ತಿದ್ದೇನೆ, ಬರೆದುಕೊಡುವುದಿಲ್ಲ.

ಆದರೆ ನೋಟೀಸಿನಲ್ಲಿರುವ ‘ಅನ್ಯರು’ ನನಗೆ ಒಪ್ಪಿಗೆಯಿಲ್ಲ. ತಪ್ಪು ಮಾಡಿದವನಿಗೆ ಹೆಸರಿದೆ, ಬರೆದುಕೊಟ್ಟವಳಿಗೆ ಇಲ್ಲ. ಮನೆಯ ಮಾನ ಉಳಿಸಲು ಹಾಗೆ ಬರೆಸಿದೆನೆಂದು ನೀವು ತಿಳಿಸಿದ್ದೀರಿ. ಮಾನವನ್ನು ಸುಳ್ಳಿನ ಸೆರಗಿನಿಂದ ಮುಚ್ಚಿಕೊಳ್ಳಲಾರೆ. ತಪ್ಪಿನಲ್ಲಿ ನನ್ನ ಪಾಲು ನನಗೆ ಬೇಕು. ಸುಳ್ಳಿಗಾಗಿ ಒಬ್ಬ ವಿದ್ಯಾರ್ಥಿಯನ್ನು ಹೊರಗೆ ಹಾಕಿದ ಗುರುಗಳು, ಹದಿನೈದು ದಿನವೂ ಆಗದೆ, ಹೆಂಡತಿಗೆ ಸುಳ್ಳು ಹೇಳಿಕೊಡುತ್ತೀರಲ್ಲ?

ಪೀಠದ ಅಧ್ಯಕ್ಷರಿಗೂ ಪತ್ರ ಬರೆದಿದ್ದೇನೆ. ನರಸಿಂಹುಲು ಎರಡನ್ನೂ ಒಯ್ಯುತ್ತಾನೆ. ವೀರಯ್ಯನ ಶಿಕ್ಷೆಯಲ್ಲಿ ಒಂದು ದಿನವೂ ಕಡಿಮೆ ಮಾಡಬೇಡಿ, ನನಗೂ ಶಿಕ್ಷೆ ಕೊಡಿ ಎಂದು ಕೇಳಿದ್ದೇನೆ. ಹೆಂಗಸರನ್ನು ಸೇರಿಸಿಕೊಳ್ಳದ ಪೀಠ ಹೆಂಗಸನ್ನು ಹೊರಗೆ ಹಾಕುವುದು ಹೇಗೋ ನನಗೆ ತಿಳಿಯದು. ಮೊದಲು ಒಳಗೆ ಕರೆಯಲಿ. ವೀರಯ್ಯನಿಗೆ ಕೇಳಿದ ಆ ಮೂರು ಪ್ರಶ್ನೆಗಳನ್ನು ನನಗೂ ಕೇಳಲಿ. ನಾನು ಉತ್ತರ ಹೇಳಿದ ಮೇಲೆ ಹೊರಗೆ ಹಾಕಲಿ.

ಮನೆಗೆ ಬಾ ಎಂದು ಬರೆದಿದ್ದೀರಿ. ನೋಟೀಸಿನಲ್ಲಿ ನನ್ನ ಹೆಸರು ಸೇರಿದ ದಿನ ಹೊರಡುತ್ತೇನೆ. ಅಷ್ಟರೊಳಗೆ ನೀವೇ ಬಂದರೆ ಅವ್ವ ಅಳಿಯನಿಗೆ ಮಾಡುವ ಮರ್ಯಾದೆಯಲ್ಲಿ ಕೊರತೆ ಮಾಡುವುದಿಲ್ಲ, ನಾನು ನನ್ನ ಮಾತು ಬದಲಿಸುವುದಿಲ್ಲ. ಅತ್ತೆಯವರ ಮೊಣಕಾಲಿಗೆ ಹಚ್ಚುವ ಎಣ್ಣೆ ಕಪಾಟಿನ ಮೇಲಿನ ಅರೆಯಲ್ಲಿದೆ. ಬಿಸಿ ಮಾಡಿ ಹಚ್ಚಿಸಿರಿ.

ಇಂತಿ ನಿಮ್ಮ ಧರ್ಮಪತ್ನಿ,
ಪ್ರಬಂಧ ಬರೆದ
ಸಂಗಮ್ಮ

ಮತ್ತೊಂದು ಮಾತು: ಎರಡು ವರ್ಷದ ಹಿಂದೆ ಪೀಠ ನಿಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದ ವಚನ ವ್ಯಾಖ್ಯಾನದ ನಾಲ್ಕನೆಯ ಅಧ್ಯಾಯ ಬರೆದವಳು ನಾನೆಂದು ಅಧ್ಯಕ್ಷರಿಗೆ ತಿಳಿಸಿಲ್ಲ. ಅದನ್ನು ನೀವೇ ಬರೆಯಬೇಕು. ಯುಗಾದಿಯವರೆಗೆ ಕಾಯುತ್ತೇನೆ.