ಕುಂಕುಮದ ಭರಣಿ ಹಿಡಿದು ಫೀಸು ಕೇಳಲು

ಮೇ 19, ಸೋಮವಾರ. ಬೆಳಿಗ್ಗೆ 11

ಏಳು ಮಕ್ಕಳು, ಏಳು ಡಬ್ಬಿ. ಒಂದರಲ್ಲೂ ಮಕ್ಕಳು ತಿನ್ನುವಂಥದ್ದಿಲ್ಲ. ಮತ್ತೆ ನನ್ನದೇ ಮಂಡಕ್ಕಿ, ನನ್ನದೇ ಬಾಳೆಹಣ್ಣು. ಸಂಜೆ ತಾಯಂದಿರು ಖಾಲಿ ಡಬ್ಬಿ ನೋಡಿ ಸಂತೋಷಪಡುತ್ತಾರೆ. ಅದರಲ್ಲಿದ್ದ ಪಾಸ್ತಾ ಎದುರುಮನೆಯ ದನಕ್ಕೆ ಹೋಯಿತೆಂದು ನಾನೂ ಬಾಯಿಬಿಡುವುದಿಲ್ಲ.

ಸಿದ್ದಮ್ಮ ಬಟ್ಟೆ ಹಿಂಡುತ್ತಾ, ನನ್ನ ಮುಖ ನೋಡದೆ ಹೇಳಿದಳು. "ಅಮ್ಮಾ, ಗಿರಿ ಕಡೆ ಹೋಂಸ್ಟೇಲಿ ಕೆಲಸಕ್ಕೆ ಕರೀತಿದಾರೆ. ಬೆಡ್‌ಶೀಟ್ ಬದಲಾಯ್ಸದು, ಗುಡ್ಸದು, ಅಷ್ಟೆಯಂತೆ. ನೀವು ಎರಡು ಸಾವ್ರ ಹೆಚ್ಗೆ ಮಾಡಿದ್ರೆ ನಾ ಎಲ್ಲೂ ಹೋಗಲ್ಲ."

ತಪ್ಪು ಅವಳದಲ್ಲ. ಕಂಡವರ ಮಕ್ಕಳ ಚಡ್ಡಿ ಒಗೆಯುವುದಕ್ಕಿಂತ ಟೂರಿಸ್ಟ್‌ಗಳ ಬೆಡ್‌ಶೀಟ್ ವಾಸಿ. ಆದರೆ ಅವಳಿಲ್ಲದೆ ಈ ಮೊಣಕಾಲು ಇಟ್ಟುಕೊಂಡು ಏಳು ಮಕ್ಕಳ ಹಿಂದೆ ಓಡಲು ನನ್ನಿಂದಾಗದು. ಅಂದರೆ ಫೀಸು ಹೆಚ್ಚಿಸಬೇಕು. ನಾಲ್ಕು ವರ್ಷದಿಂದ ಅದೇ ಮೂರೂವರೆ ಸಾವಿರ. ಹಾಲು, ಗ್ಯಾಸು ಯಾವುದೂ ನಾಲ್ಕು ವರ್ಷದ ಹಿಂದಿನ ಬೆಲೆಗೆ ಸಿಗುವುದಿಲ್ಲ.

ಕೇಳಲು ನಾಚಿಕೆ. ನಾಚಿಕೆಯನ್ನು ಸಾಕಿದವಳೂ ನಾನೇ. ನಮ್ಮ ಯಜಮಾನರು ಕೆಲಸಕ್ಕಿದ್ದ ಶಾಲೆ ಮುಚ್ಚಿ, ಮನೆಯಲ್ಲೇ ಡೇ ಕೇರ್ ಶುರುಮಾಡಿದಾಗ ಕೂಲಿಯಂತೆ ಕಾಣಬಾರದೆಂದು ಕೈಯಲ್ಲಿ ದುಡ್ಡು ತೆಗೆದುಕೊಳ್ಳಲಿಲ್ಲ. ದೇವರ ಮುಂದೆ ತಟ್ಟೆ ಇಟ್ಟೆ. "ಅಲ್ಲಿಡಿ" ಎಂದೆ. ಈಗಲೂ ಅಲ್ಲೇ ಇಡುತ್ತಾರೆ, ಕವರಿನ ಮೇಲೊಂದು ಹೂವಿಟ್ಟು. ದೇವರ ತಟ್ಟೆಗೆ ಇಷ್ಟು ಹೆಚ್ಚು ಹಾಕಿ ಎಂದು ಯಾವ ಬಾಯಲ್ಲಿ ಹೇಳಲಿ!

ಮೇ 21, ಬುಧವಾರ

ಇವರ ಸಲಹೆ: "ಫೋನಲ್ಲಿ ಹೇಳ್ಬೇಡ ಮಾರಾಯ್ತಿ, ದರ್ಪ ಅಂದ್ಕೋತಾರೆ. ಶುಕ್ರವಾರ ಮನೆಗೇ ಹೋಗಿ ಬಾ. ಎದುರಿಗೆ ಕೂತು ಹೇಳಿದ್ರೆ ಯಾರೂ ಬೇಡ ಅನ್ನಲ್ಲ."

ಸರಿ ಎನಿಸಿತು. ತಿಂಗಳಿಗೆ ಒಂದೇ ಸಾವಿರ ಹೆಚ್ಚು. ಶುಕ್ರವಾರ ಮುತ್ತೈದೆ ಬರಿಗೈಯಲ್ಲಿ ಹೇಗೆ ಹೋಗುವುದು? ಬೆಳ್ಳಿಯ ಕುಂಕುಮದ ಭರಣಿ ತೊಳೆದಿಟ್ಟಿದ್ದೇನೆ.

ಮೇ 23, ಶುಕ್ರವಾರ. ರಾತ್ರಿ

ನನ್ನಂಥ ಪೆದ್ದಿ ಈ ಊರಲ್ಲಿಲ್ಲ.

ರೇಷ್ಮೆ ಸೀರೆ ಉಟ್ಟು, ಭರಣಿ ಹಿಡಿದು ಬಾಗಿಲಲ್ಲಿ ನಿಂತರೆ ಯಾರು ಏನೆಂದುಕೊಳ್ಳುತ್ತಾರೆ? ಮೊದಲು ಹೋದದ್ದು ಅವಳಿ ಮಕ್ಕಳ ತಾಯಿ ಮೇಘಶ್ರೀ ಮನೆಗೆ. ನೋಡಿದ ತಕ್ಷಣ ಗಂಡನನ್ನು ಕೂಗಿದಳು. "ರೀ, ಆಂಟಿ ಕರೆಯಕ್ಕೆ ಬಂದಿದಾರೆ! ಎಂತ ಆಂಟಿ, ವರ್ಷಿಣಿ ಮದುವೆ ಗೊತ್ತಾಯ್ತಾ?" ಡಿಗ್ರಿ ಮುಗಿಸದ ಮಗಳಿಗೆ ಮದುವೆ! ಏನೋ ಗೊಣಗಿದೆ. ಕಾಫಿ ಕುಡಿದೆ. ಬ್ಲೌಸ್ ಪೀಸ್ ಹಿಡಿದು ಎದ್ದು ಬಂದೆ.

ಎರಡನೆಯದು ಸುಪ್ರಿಯಾ ಮನೆ. ಅವಳು ಪಂಚಮಿಯ ತಾಯಿ. ಅಲ್ಲಿ ಹೇಳಬಲ್ಲೆ ಎಂದಿತ್ತು ಧೈರ್ಯ. ಉಳಿದ ತಾಯಂದಿರಿಗೆಲ್ಲ ನಾನು ಆಂಟಿ, ಸುಪ್ರಿಯಾಗೆ ಮಾತ್ರ ಅಮ್ಮ. ತನ್ನ ತಾಯಿ ತೀರಿಹೋದ ಮೂರು ತಿಂಗಳಿಗೆ ಅವಳು ಪಂಚಮಿಯನ್ನು ಹೆತ್ತದ್ದು. ಆರು ತಿಂಗಳ ಕೂಸನ್ನು ನನ್ನ ಮಡಿಲಿಗೆ ಹಾಕಿ ಬ್ಯಾಂಕಿಗೆ ಹೋದವಳು. ಆ ಕೂಸಿಗೆ ಈಗ ಮೂರೂಮುಕ್ಕಾಲು ವರ್ಷ. ಅದು ಮೊದಲು ಆಡಿದ ಮಾತು "ಅಜ್ಜಿ". ಇದನ್ನು ಸುಪ್ರಿಯಾಗೆ ಇವತ್ತಿಗೂ ಹೇಳಿಲ್ಲ.

ಕುಂಕುಮ ಕೊಟ್ಟೆ. "ಎಂತ ವಿಶೇಷ ಅಮ್ಮ?" ಎಂದಳು. ಪಂಚಮಿ ಬಂದು ಕಾಲಿಗೆ ಸುತ್ತಿಕೊಂಡಳು. "ಏನಿಲ್ಲ, ಸುಮ್ನೆ ಬಂದೆ. ನಿಮ್ಮನ್ನೆಲ್ಲ ನೋಡಿ ಹೋಗಣ ಅಂತ" ಎಂದುಬಿಟ್ಟೆ.

ಸುಪ್ರಿಯಾಳ ಕಣ್ಣು ತುಂಬಿತು. ಒಳಗೆ ಹೋಗಿ ಹಸಿರು ಸೀರೆ ತಂದಳು, ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು. "ಅಮ್ಮ ಹೋದ ಮೇಲೆ ಹಿಂಗೆ ಸುಮ್ನೆ ಅಂತ ಯಾರೂ ಈ ಮನೆಗೆ ಬಂದಿಲ್ಲ. ಅವಳಿದ್ದಿದ್ರೆ ಅವಳಿಗೇ ಕೊಡ್ತಿದ್ದೆ" ಎಂದು ಕಾಲಿಗೆ ಬಿದ್ದಳು.

ಬೇಡ ಎನ್ನಲಿಲ್ಲ. ತೆಗೆದುಕೊಂಡು ಬಂದೆ. ಉಳಿದ ಮನೆಗಳಿಗೆ ಹೋಗಲಿಲ್ಲ.

ಮೇ 25, ಭಾನುವಾರ

ಸಿದ್ದಮ್ಮನಿಗೆ ನಾಳೆಯೊಳಗೆ ಉತ್ತರ ಬೇಕಂತೆ. ವರ್ಷಿಣಿ ಮೊಬೈಲ್ ಕಿತ್ತುಕೊಂಡಳು. "ಅಮ್ಮ, ನೀನು ಹೀಗೇ ಕುಂಕುಮ ಹಂಚ್ತಾ ಇರು. ನಾನು ಗ್ರೂಪಿಗೆ ಹಾಕ್ತೀನಿ." ಡಿಯರ್ ಪೇರೆಂಟ್ಸ್, ಜೂನ್ ಒಂದರಿಂದ ಫೀಸು ಇಷ್ಟು, ಐದನೇ ತಾರೀಕಿನೊಳಗೆ ಕಟ್ಟದಿದ್ದರೆ ಲೇಟ್ ಫೀ — ಎಲ್ಲ ಇಂಗ್ಲಿಷಿನಲ್ಲಿ. ಲೇಟ್ ಫೀ ಬೇಡ ಕಣೇ ಎಂದೆ. ಅಷ್ಟರಲ್ಲಿ ಹೋಗಿಯಾಗಿತ್ತು.

ಆರು ಮಕ್ಕಳ ಮನೆಯಿಂದಲೂ ಹೆಬ್ಬೆರಳು ಬಂತು. ಇಷ್ಟು ಸುಲಭವಿತ್ತೇ! ಸುಪ್ರಿಯಾ ಓದಿದ್ದಾಳೆ. ಉತ್ತರವಿಲ್ಲ.

ಮೇ 26, ಸೋಮವಾರ. ಸಂಜೆ 6

ಮಗುವನ್ನು ಕರೆದೊಯ್ಯಲು ಬಂದ ಸುಪ್ರಿಯಾ ಚಪ್ಪಲಿ ಬಿಡಲಿಲ್ಲ. ಗೇಟಿನ ಹತ್ತಿರವೇ ನಿಂತಳು.

"ಸುಮ್ನೆ ಬಂದೆ ಅಂದ್ರಿ. ನಾನು ನಂಬಿದ್ನಲ್ಲ ಅಮ್ಮ. ಫೀಸು ಜಾಸ್ತಿ ಮಾಡ್ತೀನಿ ಕಣೇ ಅಂದಿದ್ರೆ ಅಲ್ಲೇ ಎಣಿಸಿ ಕೊಡ್ತಿದ್ದೆ. ನಮ್ಮನೆ ಎಂತದು, ಸೀರೆ ಎಂತದು ಅಂತ ನೋಡ್ಕೊಂಡು ಹೋಗಿ ಆಮೇಲೆ ರೇಟ್ ಹಾಕಿದ್ರಾ?"

ಹಾಗಲ್ಲ ಕಣೇ, ಹೇಳಲು ಬಂದಿದ್ದೆ, ಬಾಯಿ ಬರಲಿಲ್ಲ... ಇಷ್ಟು ಹೇಳಿದ್ದರೆ ಸಾಕಿತ್ತು. ಮೇಘಶ್ರೀ ಪಕ್ಕದಲ್ಲೇ ಶೂ ಹಾಕಿಸುತ್ತಾ ಕಿವಿ ಇತ್ತ ಕೊಟ್ಟಿದ್ದಳು. ನನಗೆ ಮೈಯೆಲ್ಲ ಉರಿಯಿತು.

"ಸೀರೆ ನಾನು ಕೇಳಿದ್ನಾ?"

ಸುಪ್ರಿಯಾ ಮಗುವನ್ನು ಎತ್ತಿಕೊಂಡಳು. "ಈ ತಿಂಗಳು ಮುಗಿಸ್ತೀವಿ, ಆಂಟಿ."

ಮೇ 31, ಶನಿವಾರ

ಕರೆದೊಯ್ಯಲು ಸುಪ್ರಿಯಾಳ ಗಂಡ ರುದ್ರೇಶ್ ಬಂದ. ಇಷ್ಟು ವರ್ಷದಲ್ಲಿ ಅವನು ಪಂಪುಸೆಟ್ಟಿನ ಅಂಗಡಿ ಬಿಟ್ಟು ಬಂದದ್ದು ಎರಡೋ ಮೂರೋ ಸಲ. ಪಂಚಮಿಯ ಬಟ್ಟೆ, ಲೋಟ, ಮುರಿದ ಗೊಂಬೆ ಎಲ್ಲ ಚೀಲಕ್ಕೆ ತುಂಬಿದೆ. ಅಡಿಯಲ್ಲಿ ಆ ಹಸಿರು ಸೀರೆ, ಮಡಿಕೆ ಬಿಚ್ಚಿರಲಿಲ್ಲ. ಇವರು ನೋಡಿದರು. "ಬೇಡ ಭಾಗೀರಥಿ" ಎಂದರು. ಕೇಳಲಿಲ್ಲ.

ಪಂಚಮಿ "ಸೋಮಾರ ಬರ್ತೀನಿ ಅಜ್ಜಿ" ಎಂದು ಕೈ ಬೀಸಿದಳು. ರುದ್ರೇಶ್ ಗಾಡಿ ಸ್ಟಾರ್ಟ್ ಮಾಡುತ್ತಾ ತಲೆ ತಗ್ಗಿಸಿದ.

ಜೂನ್ 10, ಮಂಗಳವಾರ

ಹತ್ತು ದಿನ ಬರೆಯಲಿಲ್ಲ. ಬರೆಯಲು ಪುರುಸೊತ್ತಿಲ್ಲ.

ಸಿದ್ದಮ್ಮ ಶನಿವಾರ ಬಿಟ್ಟಳು. ಕೇಳಿದ್ದನ್ನು ಕೊಡುತ್ತೇನೆಂದ ಮೇಲೂ. ಹೋಂಸ್ಟೇಯೇ ಸರಿ ಎಂದಳು, ಸೆರಗು ತಿರುಚುತ್ತಾ. ಇವತ್ತು ಇವರು ತರಕಾರಿ ತರಲು ಹೋದವರು ನೋಡಿದ್ದಾರೆ — ಸುಪ್ರಿಯಾ ಮನೆ ಬಾಗಿಲಲ್ಲಿ ಸಿದ್ದಮ್ಮ, ಸೊಂಟದಲ್ಲಿ ಪಂಚಮಿ. ತಿಂಗಳಿಗೆ ಹದಿನೈದು ಸಾವಿರವಂತೆ.

ಹದಿನೈದು! ನಾನು ಕೇಳಿದ್ದು ಒಂದು ಸಾವಿರ ಹೆಚ್ಚು. ದುಡ್ಡಿನ ಮಾತಾಗಿದ್ದರೆ ಜಗಳವಾಡಿ ಸುಮ್ಮನಾಗಬಹುದಿತ್ತು. ನನ್ನಿಂದ ಕೂಸನ್ನೂ ಕಿತ್ತುಕೊಂಡಳು, ಕೈಯಾಳನ್ನೂ ಕಿತ್ತುಕೊಂಡಳು. ಹಾಳಾಗಿ ಹೋಗಲಿ ಎಂದು ಬರೆಯಲು ಹೊರಟೆ. ಮಗು ಇರುವ ಮನೆ, ಬರೆಯಲಾರೆ.

ಒಬ್ಬಳೇ ನೋಡಿಕೊಳ್ಳಲಾಗದೆ ಇಬ್ಬರು ಮಕ್ಕಳನ್ನು ವಾಪಸು ಕಳಿಸಿದೆ. ಈಗ ನಾಲ್ಕೇ ಮಕ್ಕಳು. ಹೆಚ್ಚಿಸಿದ ಫೀಸಿನಲ್ಲೂ ಮೊದಲಿಗಿಂತ ಕಡಿಮೆ ಬರುತ್ತದೆ.

ಜೂನ್ 17, ಮಂಗಳವಾರ. ಮಧ್ಯಾಹ್ನ 3

ಸಿದ್ದಮ್ಮನ ಫೋನು. ಎತ್ತಬಾರದೆಂದುಕೊಂಡು ಎತ್ತಿದೆ.

"ಅಮ್ಮಾ, ಸಿಟ್ಟಾಗ್ಬೇಡಿ. ಪಾಪು ಮಧ್ಯಾಹ್ನ ಮಲಗೋದೇ ಇಲ್ಲ. ಅತ್ತು ಅತ್ತು ಕೆಮ್ಮು ಬಂದದೆ. ನೀವು ಹೆಂಗೆ ಮಲಗಿಸ್ತಿದ್ರಿ?"

ನನ್ನನ್ನು ಬಿಟ್ಟುಹೋದವಳಿಗೆ ಯಾಕೆ ಹೇಳಲಿ ಎಂದು ಬಾಯಿಗೆ ಬಂತು. ಹಿಂದಿನಿಂದ ಆ ಅಳು ಕೇಳಿಸಿತು. "ಫೋನು ಕಿವಿ ಹತ್ರ ಹಿಡಿ" ಎಂದೆ. ಅಡುಗೆಮನೆಯ ಬಾಗಿಲು ಹಾಕಿ ಗುನುಗಿದೆ. ಹಾಡೂ ಅಲ್ಲ, ಮಂತ್ರವೂ ಅಲ್ಲ, ನನ್ನಮ್ಮ ಗುನುಗುತ್ತಿದ್ದ ಒಂದು ದನಿ. ಸ್ವಲ್ಪ ಹೊತ್ತಿಗೆ ಅಳು ನಿಂತಿತು.

"ಮಲಗ್ತು ಅಮ್ಮಾ. ಸುಪ್ರಿಯಾ ಅಕ್ಕಂಗೆ ಹೇಳ್ಬೇಡಿ."

ಜೂನ್ 20, ಶುಕ್ರವಾರ

ನಾಲ್ಕು ದಿನದಿಂದ ಒಂದೂವರೆಗೆ ಸರಿಯಾಗಿ ಫೋನು. ಇವರಿಗೂ ಹೇಳಿಲ್ಲ. ಒಂದು ಗಂಟೆಗೇ ಇಲ್ಲಿಯ ನಾಲ್ಕು ಮಕ್ಕಳಿಗೂ ಊಟ ಮುಗಿಸಿ, ಮೊಬೈಲ್ ಚಾರ್ಜ್ ನೋಡಿಕೊಂಡು ಅಡುಗೆಮನೆ ಸೇರುತ್ತೇನೆ. ಫೀಸು ಹೆಚ್ಚಿಸಲು ಹೊರಟ ಹೆಂಗಸು ಬಿಟ್ಟಿಯಾಗಿ ಕಂಡವರ ಮನೆಯ ಮಗುವನ್ನು ಮಲಗಿಸುತ್ತಿದ್ದಾಳೆ. ಸುಪ್ರಿಯಾಗೆ ಗೊತ್ತಾದರೆ ಇದಕ್ಕೂ ಒಂದು ಅರ್ಥ ಹಚ್ಚುತ್ತಾಳೆ. ಹಚ್ಚಲಿ.

ಇವತ್ತು ಆಕಡೆಯಿಂದ ನಿದ್ದೆಗಣ್ಣಿನ ದನಿ: "ಅಜ್ಜಿ, ಇನ್ನೊಂದ್ಸಲ." ಎರಡು ಸಲ ಗುನುಗಿದೆ.

ಜೂನ್ 26, ಗುರುವಾರ. ಮಧ್ಯಾಹ್ನ 2.30

ನಿನ್ನೆ ಫೋನು ಬರಲಿಲ್ಲ. ಇವತ್ತೂ ಒಂದೂವರೆಗೆ ಬರಲಿಲ್ಲ. ಒಂದೂಮುಕ್ಕಾಲಿಗೂ. ಎರಡಕ್ಕೆ ನಾನೇ ಮಾಡಿದೆ.

"ಓ, ಅಮ್ಮಾ! ಪಾಪು ಆಗ್ಲೇ ಮಲಗ್ಯದೆ. ನಿನ್ನೆನೂ ಅದರ ಪಾಡಿಗೆ ಅದೇ ಮಲಗ್ತು. ಇನ್ನು ನಿಮಗೆ ತೊಂದರೆ ಇಲ್ಲ ಬಿಡಿ."

ಒಳ್ಳೇದಾಯ್ತು ಸಿದ್ದಮ್ಮ, ಎಂದೆ. ಒಳ್ಳೆಯದೇ. ಇದರಲ್ಲಿ ಆಶ್ಚರ್ಯವೇನು? ಹೊಸದಾಗಿ ಮಗುವನ್ನು ಬಿಟ್ಟು, ಗೇಟಿನಾಚೆ ಅಳುತ್ತಾ ನಿಲ್ಲುವ ತಾಯಂದಿರಿಗೆ ನಾನೇ ನಾಲ್ಕು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಸುಪ್ರಿಯಾಗೂ ಹೇಳಿದ್ದೆ, ಕೈ ಹಿಡಿದುಕೊಂಡು. ಒಂದು ವಾರ ಅಳ್ತಾವೆ ಕಣಮ್ಮ, ಅಷ್ಟೆ. ಆಮೇಲೆ ನಿಮ್ಮನ್ನ ಮರೆತೇ ಬಿಡ್ತಾವೆ.