ಬಾಗಿಲ ಬೆಳಕಿಗೆ ಹಿಡಿಯದ ಶಾಲು

ಅಕ್ಕಾ,

ಸುಖವಾಗಿ ಬಂದು ತಲುಪಿದೆ. ಆದರೆ ಮುಖ ಎತ್ತಿಕೊಂಡು ಓಡಾಡುವ ಹಾಗಿಲ್ಲ. ಹರಳಿನೊಳಗೆ ಕೂತ ಕ್ರೋಮಿಯಂ ಅಯಾನು ಯಾವ ಬೆಳಕನ್ನು ನುಂಗುತ್ತದೆ, ಯಾವುದನ್ನು ಬಿಡುತ್ತದೆ ಎಂದು ಆರು ವರ್ಷ ಕಾಗದದ ಮೇಲೇ ಲೆಕ್ಕ ಹಾಕಿದೆನಲ್ಲ, ಆ ಹರಳನ್ನು ನಿನ್ನೆ ಮೊದಲ ಸಲ ಕಣ್ಣಾರೆ ಕಂಡೆ. ಇಲ್ಲಿನ ಪ್ರಯೋಗಾಲಯದಲ್ಲಿ ಹರಳು ಬೆಳೆಸುವ ಹೆಂಗಸು ನಾಲ್ಕು ತಿಂಗಳು ಕುಲುಮೆ ಕಾದು ಬೆಳೆಸಿದ್ದನ್ನು ತಂದು ನನ್ನ ಅಂಗೈಗೆ ಹಾಕಿದರು. ಹಳದಿ ಬಲ್ಬಿನ ಕೆಳಗೆ ಅದು ದಾಳಿಂಬೆ ಕಾಳಿನಷ್ಟು ಕೆಂಪು.

"ನನ್ನ ಲೆಕ್ಕದ ಪ್ರಕಾರ ಹಸಿರಿರಬೇಕು. ನೀವು ಬೇರೆ ಯಾವುದೋ ಕೊಟ್ಟಿದ್ದೀರಿ," ಎಂದುಬಿಟ್ಟೆ, ಎಲ್ಲರ ಎದುರಿಗೇ.

ಆಕೆ ಜಗಳಕ್ಕೆ ಬರಲಿಲ್ಲ. "ಕಿಟಕಿ ಹತ್ರ ಹಿಡಿದು ನೋಡಿ ಸಾರ್," ಎಂದರು, ಅಷ್ಟೆ. ಬಿಸಿಲಿಗೆ ಹಿಡಿದರೆ ಎಲೆಹಸಿರು! ಆ ಹರಳು ಕೆಂಪು, ಹಸಿರು ಎರಡನ್ನೂ ಬಿಡುತ್ತದೆ; ಲೆಕ್ಕದಲ್ಲಿ ನಾನು ಹಗಲ ಬೆಳಕನ್ನಷ್ಟೇ ಹಾಕಿದ್ದೆ. ಬಲ್ಬಿನ ಬೆಳಕಿನಲ್ಲಿ ಕೆಂಪೇ ಹೆಚ್ಚು ಎಂಬುದು ನೆತ್ತಿಯ ಮೇಲೆ ಅದು ಉರಿಯುತ್ತಿದ್ದರೂ ಹೊಳೆಯಲಿಲ್ಲ. ಹರಳನ್ನು ಆಕೆಯ ಕೈಗಿಟ್ಟು ನನ್ನ ಕೋಣೆಗೆ ಬಂದುಬಿಟ್ಟೆ.

ಆಗ ನೀನು ನೆನಪಾದೆ. ಅಂಗಡಿಯಲ್ಲಿ ಶಾಲನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಲು ಎದ್ದವಳನ್ನು, "ಸುಮ್ನಿರಕ್ಕಾ, ಮಾನ ಕಳೀಬೇಡ," ಎಂದು ಕೂರಿಸಿದ್ದೆ. ನೀಲಿ ಎಂದು ಕೊಂಡದ್ದು ಬೀದಿಗೆ ಬಂದರೆ ನೇರಳೆ. ನೀನು ಚಕಾರ ಎತ್ತದೆ ಹತ್ತು ಚಳಿಗಾಲ ಅದನ್ನೇ ಹೊದ್ದುಕೊಂಡೆ.

ಕೆಮ್ಮು ಇಳಿದಿದೆ, ಚಿಂತೆ ಬೇಡ. ಅಂಚೆ ಕಾರ್ಡು ತುಂಬಿತು. ಆಕೆ ಮನೆಗೆ ಹೊರಡುವ ಮೊದಲು ಹೋಗಿ ತಪ್ಪಾಯಿತು ಎನ್ನಬೇಕು. ಶಾಲಿನ ವಿಷಯಕ್ಕೆ ನಿನಗೆ ಅದನ್ನು ಹೇಳುವುದಕ್ಕೇ ಹತ್ತು ವರ್ಷ ಹಿಡಿಯಿತು.

ನಿನ್ನ ತಮ್ಮ,
ನೀನೇ ಕರೆಯುವಂತೆ ಪುಸ್ತಕದ ಬದನೆಕಾಯಿ